ಕೊಯ್ಲಿನ ಯಂತ್ರವೂ ಒಕ್ಕಲಿಗನ ಹೊಲವೂ

(ಉಪಾಧ್ಯಾಯರ ಕೂಟವೊಂದರಲ್ಲಿ ಮಾಡಿದ ಭಾಷಣ)



ಒಕ್ಕಲುತನದ ಯಂತ್ರಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ತಾವು ಅಪ್ಪಣೆ ಮಾಡಿರುವಿರಿ. ನಾನು ಯಂತ್ರಶಾಸ್ತ್ರವನ್ನು ಬಲ್ಲವನಲ್ಲ. ಒಕ್ಕಲಿಗರ ಮನೆಯಲ್ಲಿ ಹುಟ್ಟಿ, ಸುಗ್ಗಿಯ ದಿನಗಳಲ್ಲಿ ಕುಡುಗೋಲು ಹಿಡಿದು ಬೆನ್ನು ನೋಯಿಸಿಕೊಂಡವನು. ಆ ನೋವಿನ ಅನುಭವವೊಂದೇ ನನ್ನ ಅಧಿಕಾರ. ಯಂತ್ರವೆಂದರೆ ದೇವರೆಂದು ಕೈಮುಗಿಯುವವರೂ ಮಾರಿಯೆಂದು ಬಾಗಿಲು ಹಾಕಿಕೊಳ್ಳುವವರೂ ನಮ್ಮಲ್ಲಿ ಸಮನಾಗಿಯೇ ಇರುವರು. ಇಬ್ಬರೂ ಯಂತ್ರದ ಚರಿತ್ರೆಯನ್ನು ಓದಿದವರಲ್ಲವೆಂದು ನನ್ನ ನಮ್ರ ಅಭಿಪ್ರಾಯ. ಆದುದರಿಂದ ಈ ಹೊತ್ತು ಒಂದೇ ಯಂತ್ರದ, ಎಂದರೆ ಬೆಳೆ ಕೊಯ್ಯುವ ಯಂತ್ರದ, ಕತೆಯನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳೋಣ. ಉಳುವುದಕ್ಕೆ ತಿಂಗಳುಗಟ್ಟಲೆ ಅವಕಾಶವುಂಟು. ಬಿತ್ತುವುದನ್ನು ನಾಲ್ಕು ದಿನ ಮುಂದೂಡಬಹುದು. ಆದರೆ ಮಾಗಿದ ತೆನೆ ಯಾರಿಗಾಗಿಯೂ ಕಾಯುವುದಿಲ್ಲ. ಕಾಳು ಉದುರುವುದು, ಮಳೆ ಬಂದರೆ ಮೊಳೆಯುವುದು, ಹಕ್ಕಿಯ ಪಾಲಾಗುವುದು. ಕುಡುಗೋಲು ಹಿಡಿದ ಒಬ್ಬ ಆಳು ದಿನವೆಲ್ಲ ದುಡಿದರೂ ಅರ್ಧ ಎಕರೆಯ ಆಚೆಗೆ ಬಹಳವಾಗಿ ಹೋಗಲಾರನು. ಎಷ್ಟು ಕೊಯ್ಯಬಲ್ಲನೋ ಅಷ್ಟನ್ನೇ ಬಿತ್ತಬೇಕು. ಇದು ಸಾವಿರಾರು ವರ್ಷ ಒಕ್ಕಲಿಗನಿಗೆ ಹಾಕಿದ್ದ ಗೆರೆ.

ಈ ಗೆರೆಯನ್ನು ದಾಟಲು ಯತ್ನಿಸಿದವರಲ್ಲಿ ಸ್ಕಾಟ್ಲಂಡಿನ ಪ್ಯಾಟ್ರಿಕ್ ಬೆಲ್ ಎಂಬವನೊಬ್ಬನು. ಆತನು ಗೇಣಿದಾರ ಒಕ್ಕಲಿಗನ ಮಗ, ಪಾದ್ರಿಯಾಗಲು ಓದುತ್ತಿದ್ದವನು. ತೋಟದ ಕತ್ತರಿಯನ್ನು ಕಂಡು, ಇಂಥವನ್ನೇ ಸಾಲಾಗಿ ಜೋಡಿಸಿ ಚಕ್ರದಿಂದ ಆಡಿಸಿದರೆ ಬೆಳೆ ಕೊಯ್ಯಬಾರದೇಕೆ ಎಂದು ಯೋಚಿಸಿದನು. ಜನರು ನಕ್ಕಾರೆಂಬ ಅಂಜಿಕೆಯಿಂದ ಕೊಟ್ಟಿಗೆಯೊಳಗೆ ಮಣ್ಣು ಹರಡಿ, ಓಟ್ಸ್ ಧಾನ್ಯದ ದಂಟುಗಳನ್ನು ಒಂದೊಂದಾಗಿ ಕೈಯಿಂದ ನೆಟ್ಟು, ಬಾಗಿಲು ಮುಚ್ಚಿಕೊಂಡು ಯಂತ್ರವನ್ನು ತಾನೇ ನೂಕಿ ಪರೀಕ್ಷಿಸಿದನು. ಬಳಿಕ ೧೮೨೮ರಲ್ಲಿ, ಊರು ಮಲಗಿದ ಮೇಲೆ, ಅಣ್ಣತಮ್ಮಂದಿರಿಬ್ಬರೂ ಕುದುರೆ ಕಟ್ಟಿ ಹೊಲಕ್ಕೆ ಹೋದರು. ಯಂತ್ರ ಕೊಯ್ದಿತು! ಆದರೆ ಬೆಲ್ಲನು ಪೇಟೆಂಟು ಎಂಬ ಸರಕಾರದ ಹಕ್ಕುಪತ್ರವನ್ನು ಬೇಡಲಿಲ್ಲ. ತನ್ನ ಕಲ್ಪನೆ ಎಲ್ಲರಿಗೂ ಸಲ್ಲಲಿ ಎಂದು ಬಿಟ್ಟುಬಿಟ್ಟನು. ಉದಾರ ಬುದ್ಧಿಯೇ ಸರಿ. ಆದರೆ ಆ ಯಂತ್ರವನ್ನು ಒಪ್ಪವಾಗಿ ಮಾಡಿಸಿ, ಕೆಟ್ಟರೆ ತಿದ್ದಿಕೊಟ್ಟು, ಊರೂರಿಗೆ ಮುಟ್ಟಿಸುವ ಹೊಣೆ ಯಾರದೂ ಆಗಲಿಲ್ಲ. ಅಲ್ಲಿ ಕೂಲಿಯಾಳುಗಳಿಗೂ ಬರವಿರಲಿಲ್ಲ. ಯಂತ್ರವು ಬಹುಕಾಲ ಮೂಲೆಯಲ್ಲೇ ಉಳಿಯಿತು.

ಅತ್ತ ಅಮೇರಿಕೆಯಲ್ಲಿ ಹೊಲ ವಿಶಾಲ, ಆಳು ವಿರಳ. ವರ್ಜೀನಿಯಾ ಪ್ರಾಂತದ ಸೈರಸ್ ಮೆಕಾರ್ಮಿಕ್ ಎಂಬ ತರುಣನು ೧೮೩೧ರಲ್ಲಿ ತನ್ನ ಕೊಯ್ಲಿನ ಯಂತ್ರವನ್ನು ಓಡಿಸಿ ತೋರಿಸಿದನು. ಆತನ ತಂದೆಯು ಅನೇಕ ವರ್ಷ ಅದಕ್ಕಾಗಿ ಹೆಣಗಿ ಕೈಬಿಟ್ಟಿದ್ದನು. ಓಬೆಡ್ ಹಸ್ಸಿ ಎಂಬ ಇನ್ನೊಬ್ಬನು ೧೮೩೩ರಲ್ಲಿಯೇ ಪೇಟೆಂಟು ಪಡೆದನು, ಮೆಕಾರ್ಮಿಕ್ಕನದು ೧೮೩೪ರದು. ಕತ್ತರಿಸುವ ಅಲಗಿನ ಮಟ್ಟಿಗೆ ಹಸ್ಸಿಯ ಕಲ್ಪನೆಯೇ ಮೇಲಾಗಿತ್ತು. ಹಲ್ಲುಹಲ್ಲಾದ ಆ ಪಟ್ಟಿಯೇ ಮುಂದೆ ಎಲ್ಲ ಯಂತ್ರಗಳಿಗೂ ಬಂದಿತು. ಆದರೂ ಹೆಸರು ನಿಂತುದು ಮೆಕಾರ್ಮಿಕ್ಕನದು. ಏಕೆ? ಆತನು ೧೮೪೭ರಲ್ಲಿ ಗೋದಿಯ ಬಯಲುಸೀಮೆಯ ನಡುವಣ ಶಿಕಾಗೋ ಪಟ್ಟಣಕ್ಕೆ ಹೋಗಿ ಕಾರಖಾನೆಯಿಟ್ಟನು. ಹಣವನ್ನು ಕಂತಿನ ಮೇಲೆ ತೆಗೆದುಕೊಂಡನು. ಯಂತ್ರ ಕೊಯ್ಯದಿದ್ದರೆ ಹಿಂದಕ್ಕೆ ಕೊಡಬಹುದೆಂದು ಬರೆದುಕೊಟ್ಟನು. ಮುರಿದ ಭಾಗ ಸಿಗುವಂತೆ ಊರೂರಲ್ಲಿ ಮುಖ್ತ್ಯಾರರನ್ನು ಇರಿಸಿದನು. ಕಬ್ಬಿಣಕ್ಕಿಂತಲೂ ಈ ವಿಶ್ವಾಸವೇ ಒಕ್ಕಲಿಗನ ಹೊಲವನ್ನು ಹೊಕ್ಕಿತು.

ಇಲ್ಲಿ ಇನ್ನೊಂದು ಹೆಸರನ್ನು ಹೇಳದೆ ಮುಂದೆ ಹೋಗಲಾರೆ. ಮೆಕಾರ್ಮಿಕ್ಕರ ಮನೆಯಲ್ಲಿ ಜೋ ಆಂಡರ್ಸನ್ ಎಂಬ ಗುಲಾಮನಿದ್ದನು. ಕುಲುಮೆಯ ಮುಂದೆ ನಿಂತು ಆ ಯಂತ್ರವನ್ನು ಕಟ್ಟುವುದರಲ್ಲಿ ಅವನ ಕೈಯೂ ಇತ್ತು. ಪೇಟೆಂಟು ಪತ್ರದಲ್ಲಿ ಅವನ ಹೆಸರಿಲ್ಲ. ತನ್ನ ದೇಹಕ್ಕೇ ತಾನು ಒಡೆಯನಲ್ಲದವನು ತನ್ನ ಬುದ್ಧಿಗೆ ಒಡೆಯನಾಗುವುದು ಹೇಗೆ? ಮಕ್ಕಳಿಗೆ ಯಂತ್ರಗಳ ಚರಿತ್ರೆಯನ್ನು ಹೇಳುವಾಗ ಈ ಹೆಸರನ್ನು ಬಿಡಬೇಡಿರೆಂದು ತಮ್ಮಲ್ಲಿ ಬೇಡಿಕೊಳ್ಳುತ್ತೇನೆ.

ಯಂತ್ರವು ಕಾರಖಾನೆಯಲ್ಲಿ ಹುಟ್ಟಿದರೂ ಹೊಲದಲ್ಲಿಯೇ ಪೂರ್ಣವಾಗುವುದೆಂಬುದಕ್ಕೆ ಎರಡು ದೃಷ್ಟಾಂತಗಳನ್ನು ಕೊಡುವೆನು. ಕೊಯ್ದ ಬೆಳೆಯನ್ನು ಸಿವುಡು ಕಟ್ಟುವುದಕ್ಕೆ ಮೊದಲು ತಂತಿಯನ್ನು ಬಳಸಿದರು. ತಂತಿಯ ತುಂಡುಗಳು ಹುಲ್ಲಿನಲ್ಲಿ ಸೇರಿ ದನಗಳ ಹೊಟ್ಟೆಯನ್ನು ಹೊಕ್ಕವು. ಒಕ್ಕಲಿಗರು ಬೇಡವೆಂದರು. ಆಗ ಜಾನ್ ಆ್ಯಪಲ್‌ಬಿ ಎಂಬವನು ಹುರಿಯಿಂದ ತಾನಾಗಿ ಗಂಟುಹಾಕುವ ಉಪಾಯವನ್ನು ೧೮೭೮ರಲ್ಲಿ ಸಿದ್ಧಮಾಡಿದನು. ಎರಡನೆಯದು, ಕೊಯ್ಲನ್ನೂ ಒಕ್ಕಣೆಯನ್ನೂ ಒಟ್ಟಿಗೆ ಮಾಡುವ ಯಂತ್ರ. ಮಿಶಿಗನ್ ಪ್ರಾಂತದ ಹೈರಮ್ ಮೂರ್ ಮತ್ತು ಆತನ ಸಂಗಡಿಗ ಹ್ಯಾಸ್ಕಲ್ ಇದಕ್ಕೆ ೧೮೩೬ರಲ್ಲಿ ಪೇಟೆಂಟು ಪಡೆದರು. ಆದರೆ ಅಲ್ಲಿಯ ತೇವದ ಹವೆಯಲ್ಲಿ ಅದು ನೆಲೆಯೂರಲಿಲ್ಲ. ೧೮೫೪ರಲ್ಲಿ ಅಂಥದೊಂದನ್ನು ಒಣಹವೆಯ ಕ್ಯಾಲಿಫೋರ್ನಿಯಾಕ್ಕೆ ಸಾಗಿಸಲು ಅಲ್ಲಿ ಚೆನ್ನಾಗಿ ಕೆಲಸ ಮಾಡಿತು. ಯಂತ್ರ ಒಂದೇ, ಹೊಲ ಬೇರೆ, ಫಲ ಬೇರೆ.

ಇನ್ನು ನಾಣ್ಯದ ಇನ್ನೊಂದು ಮುಖ. ೧೭೮೬ರಲ್ಲಿ ಆ್ಯಂಡ್ರೂ ಮೀಕಲ್ ಎಂಬ ಸ್ಕಾಟ್ಲಂಡಿನ ಶಿಲ್ಪಿಯು ಒಕ್ಕುವ ಯಂತ್ರವನ್ನು ನಿರ್ಮಿಸಿದನು. ಇಂಗ್ಲಂಡಿನ ಹಳ್ಳಿಗಳಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಕಾಳು ಬಡಿಯುವುದೇ ಕೂಲಿಕಾರರ ಅನ್ನವಾಗಿತ್ತು. ಆ ಅನ್ನ ಹೋಯಿತು. ೧೮೩೦ರಲ್ಲಿ ಕೆಂಟ್ ಪ್ರಾಂತದಲ್ಲಿ ಆರಂಭವಾಗಿ ದಕ್ಷಿಣ ಇಂಗ್ಲಂಡಿನಲ್ಲೆಲ್ಲ ಜನರು ಯಂತ್ರಗಳನ್ನು ಒಡೆದರು. ಸರಕಾರವು ೧೯ ಜನರನ್ನು ಗಲ್ಲಿಗೇರಿಸಿತು. ನಾನೂರಕ್ಕೂ ಹೆಚ್ಚು ಜನರನ್ನು ಕಡಲಾಚೆಗೆ ಗಡೀಪಾರು ಮಾಡಿತು. ಆ ಬಡವರು ಹುಚ್ಚರೆಂದು ಹೇಳುವುದು ಸುಲಭ. ಆದರೆ ಯಂತ್ರದ ಲಾಭವು ಒಡೆಯನಿಗೂ ನಷ್ಟವು ಆಳಿಗೂ ಹಂಚಿಹೋದಲ್ಲಿ, ಒಡೆದವನ ಕೈಯನ್ನಷ್ಟೇ ನೋಡುವುದು ನ್ಯಾಯವೇ?

ಈಗ ನಮ್ಮ ನಾಡಿನ ಹೊಲಕ್ಕೆ ಬರೋಣ. ಯಂತ್ರಕಲ್ಪನೆ ನಮ್ಮವರಿಗೆ ಹೊಸತಲ್ಲ. ಬೀಜವನ್ನು ಸಾಲಾಗಿ ಬಿತ್ತುವ ಯಂತ್ರವನ್ನು ಇಂಗ್ಲಂಡಿನಲ್ಲಿ ಜೆಥ್ರೋ ಟಲ್ಲನು ೧೭೦೧ರ ಸುಮಾರಿಗೆ ರಚಿಸಿದನೆಂದು ಮಕ್ಕಳು ಓದುತ್ತಾರೆ. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ನಮ್ಮ ಕೂರಿಗೆಯನ್ನು ಕಂಡು, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅದನ್ನು ವರ್ಣಿಸಿದ್ದಾನೆ. ಬಟ್ಟಲಿನಿಂದ ಬಿದಿರುಕೊಳವೆಗಳಿಗೆ ಕಾಳು ಸಮನಾಗಿ ಇಳಿಯುವಂತೆ ಅದನ್ನು ಮೊದಲು ಕಟ್ಟಿದ ಬಡಿಗನು ಯಾವ ಊರಿನವನು? ಅವನೂ ಜೋ ಆಂಡರ್ಸನ್ನನ ಬಂಧುವೇ. ಹೆಸರು ಉಳಿಯಲಿಲ್ಲ, ಕೆಲಸ ಉಳಿಯಿತು.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರನ್ನು ನೆನೆಯೋಣ. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಟ್ಟಿದ್ದ ಅವರು ಮೇವು ಕತ್ತರಿಸುವ ಯಂತ್ರವನ್ನೂ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಬ್ಬಿಣದ ನೇಗಿಲನ್ನೂ ಮಾಡಿದರು. ಕಬ್ಬಿಣ ತಾಕಿದರೆ ಭೂಮಿಗೆ ವಿಷವೇರುವುದೆಂದು ಒಕ್ಕಲಿಗರು ಅಂಜಿದರು. ನೇಗಿಲು ಬಹುದಿನ ಮಾರಾಟವಾಗದೆ ಉಳಿಯಿತು. ಅವರು ಒಕ್ಕಲಿಗನನ್ನು ಹಳಿಯಲಿಲ್ಲ. ನೇಗಿಲನ್ನು ತಿದ್ದುತ್ತ ಹೋದರು. ೧೯೧೦ರಲ್ಲಿ ಬೆಳಗಾವಿಯನ್ನು ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಕುಂಡಲದ ಬಳಿಯ ಬರಡು ನೆಲದಲ್ಲಿ ಕಾರಖಾನೆಯನ್ನು ಕಟ್ಟಿದರು. ಆ ನೇಗಿಲು ಮನೆಮಾತಾದುದು ಆ ಮೇಲೆ.

ಇಂದು ಗಂಗಾವತಿ, ಸಿಂಧನೂರುಗಳ ಭತ್ತದ ಗದ್ದೆಗಳಲ್ಲಿ ಕೊಯ್ಲು, ಒಕ್ಕಣೆ, ತೂರುವಿಕೆ ಮೂರನ್ನೂ ಒಮ್ಮೆಲೇ ಮಾಡುವ ಯಂತ್ರವು ಗಂಟೆಯ ಬಾಡಿಗೆಗೆ ಬರುತ್ತಿದೆ. ಹಸಿ ಗದ್ದೆಯಲ್ಲಿ ಚಕ್ರ ಹೂಳುವುದೆಂದು ಚೈನಿನ ಮೇಲೆ ನಡೆಯುವಂಥವೂ ಬಂದಿವೆ. ಸುಗ್ಗಿಯಲ್ಲಿ ಆಳು ಸಿಗದೆ, ಮೋಡ ಕಂಡರೆ ಎದೆ ಒಡೆಯುವ ಒಕ್ಕಲಿಗನಿಗೆ ಇದು ದೊಡ್ಡ ಆಸರೆ. ಇದನ್ನು ಬೇಡವೆನ್ನುವವನು ಬಿಸಿಲಲ್ಲಿ ಬಾಗಿ ಕೊಯ್ದವನಲ್ಲ.

ಆದರೂ ಕೇಳಬೇಕಾದ ಪ್ರಶ್ನೆಗಳುಂಟು. ನಮ್ಮ ಜೋಳ, ರಾಗಿಗಳು ಮನುಷ್ಯನಿಗೆ ಕಾಳು ಕೊಡುವಂತೆ ದನಕ್ಕೆ ಮೇವನ್ನೂ ಕೊಡುತ್ತವೆ. ಕಾಳನ್ನು ಕೊಂಡು ದಂಟನ್ನು ತುಳಿದುಹಾಕುವ ಯಂತ್ರವು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದಂತೆ. ರಾಗಿಯ ನಡುವೆ ಅಕ್ಕಡಿಯಾಗಿ ಅವರೆ, ತೊಗರಿಗಳನ್ನು ಬಿತ್ತುವುದು ನಮ್ಮ ಪದ್ಧತಿ. ರಾಗಿ ಮೊದಲು ಮಾಗುವುದು, ತೊಗರಿ ಬಹುದಿನದ ಮೇಲೆ. ಒಂದೇ ಬೆಳೆಯ ಬಯಲಿಗೆಂದು ಹುಟ್ಟಿದ ಯಂತ್ರಕ್ಕೆ ಈ ಭೇದ ತಿಳಿಯದು. ಯಂತ್ರಕ್ಕಾಗಿ ಅಕ್ಕಡಿಯನ್ನು ಬಿಡುವುದೋ, ಅಕ್ಕಡಿಗೆ ಒಪ್ಪುವ ಯಂತ್ರವನ್ನು ಬೇಡುವುದೋ? ಕುಡುಗೋಲಿನ ಕೂಲಿಯಿಂದ ಬದುಕುತ್ತಿದ್ದ ಹೆಣ್ಣುಮಕ್ಕಳಿಗೆ, ಕಣದಲ್ಲಿ ಕಾಳಿನ ಆಯ ಪಡೆಯುತ್ತಿದ್ದವರಿಗೆ, ಹಕ್ಕಲಾಯ್ದುಕೊಳ್ಳುತ್ತಿದ್ದ ಬಡವಿಗೆ ಬದಲಿಗೆ ಏನು ದೊರೆಯಿತು? ಕಣವೇ ಇಲ್ಲವಾದ ಮೇಲೆ ಅವರು ಎಲ್ಲಿಗೆ ಹೋಗಿ ನಿಲ್ಲಬೇಕು? ಯಂತ್ರದ ಬೆಲೆಯನ್ನು ಲೆಕ್ಕ ಹಾಕುವಾಗ ಈ ಲೆಕ್ಕವನ್ನೂ ಸೇರಿಸದಿದ್ದರೆ ಆ ಲೆಕ್ಕವು ತಪ್ಪು.

ಉಪಾಧ್ಯಾಯ ಬಂಧುಗಳೇ, ಇದರಲ್ಲಿ ತಮ್ಮ ಪಾಲು ಚಿಕ್ಕದಲ್ಲ. ಹೊಲವನ್ನು ಬಲ್ಲವನಿಗೆ ಯಂತ್ರ ತಿಳಿಯದು, ಯಂತ್ರವನ್ನು ಬಲ್ಲವನಿಗೆ ಹೊಲ ತಿಳಿಯದು. ಇವರಿಬ್ಬರ ನಡುವೆ ನಿಂತು ಮಾತು ಬೆಸೆಯಬಲ್ಲವರು ತಾವು. ಸುಗ್ಗಿಯಲ್ಲಿ ಒಂದು ದಿನ ಮಕ್ಕಳನ್ನು ಯಂತ್ರವಿರುವ ಹೊಲಕ್ಕೂ, ಇನ್ನೊಂದು ದಿನ ಕಮ್ಮಾರನ ಕುಲುಮೆಗೂ ಕರೆದೊಯ್ಯಿರಿ. ಯಾವ ಭಾಗ ಮೊದಲು ಮುರಿಯುವುದು, ಯಾರು ಅದನ್ನು ತಿದ್ದುವರು, ಎಷ್ಟು ಕಾಳು ನೆಲಕ್ಕೆ ಬೀಳುವುದು, ಮೇವು ಏನಾಗುವುದು ಎಂದು ಕೇಳಿಸಿ ಬರೆಯಿಸಿರಿ. ತಿದ್ದಿದವನ ಹೆಸರನ್ನೂ ಬರೆಯಿಸಿರಿ. ನಮ್ಮ ಜೋಳಕ್ಕೆ, ನಮ್ಮ ಅಕ್ಕಡಿಗೆ ಒಪ್ಪುವ ಕೊಯ್ಲಿನ ಯಂತ್ರವನ್ನು ಕಲ್ಪಿಸುವ ಹುಡುಗನೋ ಹುಡುಗಿಯೋ ತಮ್ಮ ಶಾಲೆಯ ಹಿಂದಿನ ಸಾಲಿನಲ್ಲಿ ಕುಳಿತಿರಬಹುದು. ಆ ಮಗುವು ಬೆಲ್ಲನಂತೆ ನಗೆಗೆ ಅಂಜಿ ಬಾಗಿಲು ಮುಚ್ಚಿಕೊಳ್ಳದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ.