ಕಾರಾಪುರದ ಸಾಬು ಮತ್ತು ನನ್ನ ಫೋಟೋ ಡಬ್ಬಿ
(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಂಚಾಲಕಿ ಅಕ್ಕ ಫೋನ್ ಮಾಡಿ "ನಿನ್ನ ಹವ್ಯಾಸದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡು" ಅಂದಾಗ ನನಗೆ ಸ್ವಲ್ಪ ಸಂಕೋಚವೇ ಆಯಿತು. ಹಗಲೆಲ್ಲ ಸಾಫ್ಟ್‌ವೇರ್ ಕೆಲಸ, ರಾತ್ರಿ ಹಳೆಯ ಹಾಲಿವುಡ್ ಚಿತ್ರಗಳ ಫೋಟೋ ಮತ್ತು ತುಣುಕು ಹುಡುಕುವುದು, ಸ್ಕ್ಯಾನ್ ಮಾಡುವುದು, ಗೆಳತಿಯರಿಗೆ ಕಳಿಸುವುದು. ಇದಕ್ಕೂ ಕನ್ನಡ ಸಂಘಕ್ಕೂ ಏನಮ್ಮಾ ಸಂಬಂಧ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರಿಗೆ ನಾನು ಕೊಡುವ ಉತ್ತರ ಒಂದೇ ಹೆಸರು: ಸಾಬು.

ಇಲ್ಲಿ ಎಷ್ಟು ಮಂದಿಗೆ ಗೊತ್ತೋ ತಿಳಿಯದು. ಸಾಬು ನಮ್ಮ ಮೈಸೂರು ಸೀಮೆಯ ಹುಡುಗ. ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದವನು. ಈಗ ಕಬಿನಿ ರೆಸಾರ್ಟ್‌ಗೆಂದು ನಾವೆಲ್ಲ ಹೋಗಿ ಬರುತ್ತೇವಲ್ಲ, ಅದೇ ಕಾರಾಪುರ. ಅಪ್ಪ ಮಾವುತ. ಅಪ್ಪ ತೀರಿಕೊಂಡ ಮೇಲೆ ಹುಡುಗ ಮೈಸೂರು ಮಹಾರಾಜರ ಆನೆಲಾಯದಲ್ಲಿ ಬೆಳೆಯುತ್ತಿದ್ದ. 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ನಿರ್ದೇಶಕ ಕಿಪ್ಲಿಂಗ್‌ನ ಕಥೆಯೊಂದನ್ನು ಚಿತ್ರ ಮಾಡಲು ಮೈಸೂರಿಗೆ ಬಂದ. ಅವನ ತಂಡದವರ ಕಣ್ಣಿಗೆ ಬಿದ್ದ ಈ ಹುಡುಗ 1937ರಲ್ಲಿ 'ಎಲಿಫೆಂಟ್ ಬಾಯ್' ಚಿತ್ರದ ನಾಯಕನಾಗಿ ಲೋಕಕ್ಕೆಲ್ಲ ಪರಿಚಯವಾದ. ಕಾಡಿನ ದೃಶ್ಯಗಳು ನಮ್ಮ ಮೈಸೂರಿನವು, ಉಳಿದ ಭಾಗವನ್ನು ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಝೋಲ್ತಾನ್ ಕೊರ್ಡಾ ಮುಗಿಸಿದ. ಇಬ್ಬರಿಗೂ ಸೇರಿ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಬಂತು.

ಫ್ಲಾಹರ್ಟಿಯ ಹೆಂಡತಿ ಫ್ರಾನ್ಸಿಸ್ ಕೂಡ ಮೈಸೂರಿಗೆ ಬಂದಿದ್ದರು. ಅಲ್ಲಿಂದ ತನ್ನ ಹೆಣ್ಣುಮಕ್ಕಳಿಗೆ ಬರೆದ ಕಾಗದಗಳೇ 'ಎಲಿಫೆಂಟ್ ಡ್ಯಾನ್ಸ್' ಎಂಬ ಪುಸ್ತಕವಾಗಿ ಅದೇ 1937ರಲ್ಲಿ ಹೊರಬಂತು. ಗಂಡನ ಹೆಸರು ಸಿನಿಮಾ ಚರಿತ್ರೆಯ ಪುಸ್ತಕಗಳಲ್ಲೆಲ್ಲ ಇದೆ, ಈಕೆಯದು ಅಡಿಟಿಪ್ಪಣಿಯಲ್ಲಿ ಸಿಕ್ಕರೆ ಪುಣ್ಯ. (ಈ ಮಾತಿಗೆ ಹಿಂದಿನ ಸಾಲಿನಲ್ಲಿ ನಗು ಕೇಳಿಸುತ್ತಿದೆ, ಯಾಕೆಂದು ನನಗೂ ಗೊತ್ತು.)

ಆಮೇಲಿನ ಕಥೆ ಬೇಗ ಹೇಳುತ್ತೇನೆ. 1938ರಲ್ಲಿ 'ದಿ ಡ್ರಮ್'. ಬ್ರಿಟಿಷರನ್ನು ಹೊಗಳುವ ಚಿತ್ರವೆಂದು ನಮ್ಮ ಇದೇ ಮುಂಬಯಿಯಲ್ಲಿ ಜನ ಅದರ ವಿರುದ್ಧ ಬೀದಿಗಿಳಿದರು. 1940ರಲ್ಲಿ 'ಥೀಫ್ ಆಫ್ ಬಾಗ್ದಾದ್', ಅದಕ್ಕೆ ಮೂರು ಆಸ್ಕರ್. 1942ರಲ್ಲಿ 'ಜಂಗಲ್ ಬುಕ್', ಅದರಲ್ಲಿ ಸಾಬುವೇ ಮೋಗ್ಲಿ. 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದ ತುದಿಯಲ್ಲಿ ಕೂತು ಗನ್ ಹಿಡಿದು, ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. 1947ರಲ್ಲಿ 'ಬ್ಲ್ಯಾಕ್ ನಾರ್ಸಿಸಸ್'. ಐವತ್ತರ ದಶಕದಲ್ಲಿ ಮೆಹಬೂಬ್ ಖಾನರು 'ಮದರ್ ಇಂಡಿಯಾ' ಚಿತ್ರದ ಬಿರ್ಜು ಪಾತ್ರಕ್ಕೆಂದು ಅವನನ್ನು ಕರೆಸಿದ್ದರು. ಬಂದು ಮುಂಬಯಿಯ ಹೋಟೆಲಿನಲ್ಲಿ ಕಾದ. ಶೂಟಿಂಗ್ ತಡವಾಯಿತು, ಇಲ್ಲಿ ಕೆಲಸ ಮಾಡುವ ಪರವಾನಗಿಗೂ ತೊಡಕಾಯಿತು, ಪಾತ್ರ ಸುನೀಲ್ ದತ್ತರ ಪಾಲಾಯಿತು. ತಾನು ಹುಟ್ಟಿದ ದೇಶದಲ್ಲಿ ಕೆಲಸ ಮಾಡಲು ಪರ್ಮಿಟ್! 1963ರ ಡಿಸೆಂಬರಿನಲ್ಲಿ, 39ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ಹೋಗಿಬಿಟ್ಟ.

ಈಗ ನನ್ನ ಡಬ್ಬಿಯ ವಿಷಯ. ವಿಲೆ ಪಾರ್ಲೆಯಿಂದ ಲೋಕಲ್ ಹಿಡಿದು, ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ತಿಂಗಳಿಗೊಮ್ಮೆಯಾದರೂ ಹೋಗುತ್ತೇನೆ. ಅಲ್ಲಿ ಎರಡು ಬಗೆಯವು ಸಿಗುತ್ತವೆ. ಒಂದು, ಸ್ಟುಡಿಯೋದವರು ಪತ್ರಿಕೆಗಳಿಗೆ ಕಳಿಸುತ್ತಿದ್ದ ಎಂಟು ಇಂಚು ಹತ್ತು ಇಂಚಿನ ಹೊಳಪಿನ ಸ್ಟಿಲ್. ಇನ್ನೊಂದು, ಥಿಯೇಟರಿನ ಗಾಜಿನ ಚೌಕಟ್ಟಿನಲ್ಲಿ ಹಾಕುತ್ತಿದ್ದ ಹನ್ನೊಂದು ಹದಿನಾಲ್ಕು ಇಂಚಿನ ಲಾಬಿ ಕಾರ್ಡ್, ಸಾಮಾನ್ಯವಾಗಿ ಎಂಟರ ಸೆಟ್. ಅಂಗಡಿಯವರಿಗೆ ಮುಖ ಮುಖ್ಯ, ನನಗೆ ಬೆನ್ನು ಮುಖ್ಯ. ಸ್ಟಿಲ್‌ನ ಹಿಂದೆ ಅಂಟಿಸಿದ ಚೀಟಿ, ಸೀಲು, ದಿನಾಂಕ, ಮುಂದಿನ ಮೂಲೆಯಲ್ಲಿರುವ ಪುಟ್ಟ ಸಂಖ್ಯೆ, ಇವುಗಳಿಂದಲೇ ಅದು ಯಾವ ಚಿತ್ರದ್ದು, ಯಾವಾಗಿನದ್ದು ಎಂದು ಹೇಳಲು ಸಾಧ್ಯ. ಹಿಂಬದಿಯನ್ನು ಸ್ಕ್ಯಾನ್ ಮಾಡದೆ ಹಂಚಿದ ಫೋಟೋ ವಿಳಾಸವಿಲ್ಲದ ಲಕೋಟೆಯ ಹಾಗೆ.

ಹಾಗೆ ವಿಳಾಸವಿಲ್ಲದೆ ಹಂಚಿದ್ದರ ಫಲವನ್ನು ಸಾಬುವಿನಲ್ಲೇ ನೋಡಬಹುದು. ಅವನ ಫೋಟೋದ ಕೆಳಗೆ 'ಅರಬ್ ನಟ' ಎಂದು ಬರೆದದ್ದನ್ನು ಕಂಡಿದ್ದೇನೆ, 'ಅಜ್ಞಾತ ಬಾಲಕ' ಎಂದೂ ಕಂಡಿದ್ದೇನೆ. ಹೆಸರಿನ ಜೊತೆ ಎಲ್ಲರೂ ಸೇರಿಸುವ 'ದಸ್ತಗೀರ್' ಅವನದಲ್ಲ, ಅವನ ಜೊತೆ ಹೋದ ಅಣ್ಣನ ಹೆಸರು. ಕಾರಾಪುರ, ಹೆಗ್ಗಡದೇವನಕೋಟೆ ಎಂಬ ಮಾತು ಸಾವಿರದಲ್ಲಿ ಒಂದು ಪೋಸ್ಟಿನಲ್ಲೂ ಇರುವುದಿಲ್ಲ. ಈಚೆಗೆ ಎಐ ಬಂದ ಮೇಲೆ ಬಣ್ಣ ಹಚ್ಚಿದ 'ಎಲಿಫೆಂಟ್ ಬಾಯ್' ಚಿತ್ರಗಳೂ ಓಡಾಡುತ್ತಿವೆ. ಆ ಚಿತ್ರ ಕಪ್ಪು ಬಿಳುಪು. 'ದಿ ಡ್ರಮ್'ನಿಂದ ಮುಂದೆ ಟೆಕ್ನಿಕಲರ್ ಬಂತು, ಅದರ ಬಣ್ಣ ಕ್ಯಾಮೆರಾದೊಳಗೆ ಮೂರು ಪ್ರತ್ಯೇಕ ನೆಗೆಟಿವ್‌ಗಳಲ್ಲಿ ದಾಖಲಾದ ನಿಜವಾದ ಬಣ್ಣ. ಎಐ ಕೊಡುವುದು ಊಹೆ. ನಾನು ಇದೇ ಕ್ಷೇತ್ರದಲ್ಲಿ ಅನ್ನ ತಿನ್ನುವವಳು, ಆದರೂ ಹೇಳುತ್ತೇನೆ: ಮಾವುತರ ಹುಡುಗನ ಮೈಬಣ್ಣ ಎರಡು ಛಾಯೆ ಬೆಳ್ಳಗಾದರೆ ಅದನ್ನು ರಿಸ್ಟೋರೇಶನ್ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಫೋಟೋ ಒಂದಕ್ಕೆ ಇಷ್ಟೆಲ್ಲ ಯಾಕೆ ಎಂದರೆ, ಎಷ್ಟೋ ಬಾರಿ ಉಳಿಯುವುದು ಫೋಟೋ ಮಾತ್ರ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಹಾಕಿತು: ಅಲ್ಲಿ ತಯಾರಾದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿ ಉಳಿದದ್ದು ಶೇಕಡಾ 14. 'ಲಂಡನ್ ಆಫ್ಟರ್ ಮಿಡ್‌ನೈಟ್' ಎಂಬ 1927ರ ಚಿತ್ರದ ಪ್ರತಿ ಎಲ್ಲೂ ಇಲ್ಲ. ಆದರೆ ಸ್ಟಿಲ್‌ಗಳು ಉಳಿದಿದ್ದವು. 2002ರಲ್ಲಿ ಅವನ್ನೇ ಸಾಲಾಗಿ ಜೋಡಿಸಿ ಕಥೆಯನ್ನು ಮತ್ತೆ ಕಟ್ಟಿ ಟಿವಿಯಲ್ಲಿ ತೋರಿಸಿದರು. ನಮ್ಮ ಕಡೆಗೆ ಬನ್ನಿ. ಕೊಲ್ಹಾಪುರದಲ್ಲಿ ತಯಾರಾಗಿ 1934ರಲ್ಲಿ ಬಿಡುಗಡೆಯಾದ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ'ದ ಒಂದು ರೀಲೂ ಇಂದು ನೋಡಲು ಸಿಗುವುದಿಲ್ಲ. 2003ರಲ್ಲಿ ಪುಣೆಯ ಫಿಲಂ ಸಂಸ್ಥೆಯ ಆವರಣದಲ್ಲಿ ನೈಟ್ರೇಟ್ ಫಿಲಂಗಳಿಗೆ ಬೆಂಕಿ ಬಿದ್ದು ಎಷ್ಟೋ ಹಳೆಯ ಚಿತ್ರಗಳ ಮೂಲ ಪ್ರತಿಗಳು ಹೋದವು.

ಸರಕಾರಿ ಆರ್ಕೈವ್ ಹೊರಗೆ ಇವನ್ನು ಕಾಪಾಡಿದವರು ಯಾರು ಎಂದು ಕೇಳಿದರೆ, ನನ್ನ ಮಟ್ಟಿಗೆ ನನ್ನ ಅಜ್ಜಿ. ಮೈಸೂರಿನ ಕೂಡುಕುಟುಂಬ, ಸಿನಿಮಾ ನೋಡುವುದೇ ಅಪರೂಪ. ಪತ್ರಿಕೆಗಳಲ್ಲಿ ಬಂದ ತಾರೆಯರ ಚಿತ್ರ ಕತ್ತರಿಸಿ, ಹಳೇ ಜಮಾಖರ್ಚಿನ ಪುಸ್ತಕದಲ್ಲಿ ಮೈದಾ ಅಂಟಿನಿಂದ ಅಂಟಿಸುತ್ತಿದ್ದರು. ಒಂದೊಂದರ ಕೆಳಗೂ ಪೆನ್ಸಿಲಿನಲ್ಲಿ ಯಾವ ಟಾಕೀಸು, ಯಾರ ಜೊತೆ ಹೋದದ್ದು, ಮಳೆ ಬಂತೋ ಇಲ್ಲವೋ. ಸಾಬು ಆನೆಯ ಮೇಲೆ ಕೂತ ಒಂದು ಚಿತ್ರದ ಕೆಳಗೆ 'ನಮ್ಮ ಕಡೆ ಹುಡುಗ' ಎಂದಿತ್ತಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ಮನೆ ಖಾಲಿ ಮಾಡುವಾಗ ಆ ಪುಸ್ತಕ ರದ್ದಿಗೆ ಹೋಯಿತು. ಕಿಲೋ ಲೆಕ್ಕದಲ್ಲಿ. ಅಮ್ಮ ಬಾಯಲ್ಲಿ ಹೇಳಿದ್ದಷ್ಟೇ ನನಗೆ ಉಳಿದದ್ದು. ಚಿತ್ರಗಳು ಬೇರೆ ಎಲ್ಲಾದರೂ ಸಿಗಬಹುದು, ಆ ಪೆನ್ಸಿಲ್ ಅಕ್ಷರ ಇನ್ನೆಲ್ಲಿ?

ಹಂಚುವುದು ಕಾನೂನಿಗೆ ಸರಿಯೇ ಎಂದು ಕಳೆದ ಸಲ ಒಬ್ಬರು ಕೇಳಿದ್ದರು. ನಮ್ಮ ದೇಶದಲ್ಲಿ ಸಿನಿಮಾಕ್ಕೆ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ, ಫೋಟೋಗಳಿಗೆ ಈಗ ಸಾಮಾನ್ಯವಾಗಿ ತೆಗೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಅಮೆರಿಕದ ಲೆಕ್ಕ ಬೇರೆ, ಇನ್ನೂ ಉದ್ದ. ಆದರೆ 'ಜಂಗಲ್ ಬುಕ್' ಹಕ್ಕನ್ನು ಅಲ್ಲಿ ನವೀಕರಿಸಲಿಲ್ಲ, ಹಾಗಾಗಿ ಅದು ಎಲ್ಲರ ಸ್ವತ್ತು. ಮಕ್ಕಳಿಗೆ ತೋರಿಸಲು ಮೊದಲು ಅದನ್ನೇ ಆರಿಸಿ.

ಇನ್ನು ಮನೆಯ ಆಲ್ಬಮ್ ಇರುವವರಿಗೆ. ಸೆಲ್ಲೋಟೇಪ್ ಬೇಡ, ಅಂಟು ಹಾಳೆಯ ಆಲ್ಬಮ್ ಬೇಡ. ಮುಂಬಯಿಯ ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಕಪಾಟಿನಲ್ಲಂತೂ ಇಡಲೇಬೇಡಿ. ಅಂಟಿಸಿದ್ದನ್ನು ಕೀಳಬೇಡಿ, ಪುಟವನ್ನೇ ಸ್ಕ್ಯಾನ್ ಮಾಡಿ, 600 ಡಿಪಿಐನಲ್ಲಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿ, ಒಳಗಿನ ಮಾಹಿತಿಯನ್ನೂ ಕಿತ್ತು ಕಳಿಸುತ್ತದೆ. 'ಡಾಕ್ಯುಮೆಂಟ್' ಎಂದು ಕಳಿಸಿ. ಹಿಂದೆ ಏನಾದರೂ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್, ಅಂಚಿನಲ್ಲಿ.

ಮುಂದಿನ ತಿಂಗಳ ಸಭೆಗೆ ನನ್ನ ಸ್ಕ್ಯಾನರ್ ತರುತ್ತೇನೆ. ಅಮ್ಮ, ಅತ್ತೆ, ದೊಡ್ಡಮ್ಮಂದಿರ ಟ್ರಂಕಿನಲ್ಲಿ ಸಿನಿಮಾ ಚಿತ್ರ, ಹಾಡಿನ ಪುಸ್ತಕ, ಟಿಕೆಟ್ ಚೂರು ಏನಿದ್ದರೂ ತನ್ನಿ. ಹಾಲಿವುಡ್ ಆಗಬೇಕೆಂದೇನಿಲ್ಲ. ಸಾಧ್ಯವಾದರೆ ಅದನ್ನು ಇಟ್ಟವರನ್ನೂ ಕರೆದುಕೊಂಡು ಬನ್ನಿ, ಅವರು ಹೇಳುವುದನ್ನು ಅಲ್ಲೇ ರೆಕಾರ್ಡ್ ಮಾಡಿಕೊಳ್ಳೋಣ. ಚಹಾದ ವ್ಯವಸ್ಥೆ ಹೇಗೂ ಸಂಚಾಲಕಿ ಅಕ್ಕನದು.