ಹಳೇ ಸೌಂಡ್ ಕಾರ್ಡ್: ಇಟ್ಕೊಳ್ಳೋದಾ, ಬಿಡೋದಾ?

(ಬ್ರ್ಯಾಂಪ್ಟನ್‌ನಲ್ಲಿ ನಮ್ಮ ಬಳಗದ ವಾರ್ಷಿಕ ಕೂಟದಲ್ಲಿ ಆಡಿದ ಮಾತು)



ಕಳೆದ ಚಳಿಗಾಲದಲ್ಲಿ ಬೇಸ್‌ಮೆಂಟ್ ಖಾಲಿ ಮಾಡ್ತಿದ್ದಾಗ ಹಳೇ ಕಂಪ್ಯೂಟರ್ ತೋರಿಸಿ ನಮ್ಮ ಮನೆಯವರು, "ಇದನ್ನ ಇನ್ನೂ ಯಾಕೆ ಇಟ್ಕೊಂಡಿದೀರಿ?" ಅಂತ ಕೇಳಿದ್ರು. ಅದರೊಳಗೆ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡ್ ಇದೆ. ಸಿಂಗಪುರದ ಕ್ರಿಯೇಟಿವ್ ಕಂಪನಿ 1998ರಲ್ಲಿ ಬಿಟ್ಟ ಮಾದರಿ. ಪಕ್ಕದಲ್ಲೇ ಒಂದು ಶೂ ಡಬ್ಬ, ಅದರಲ್ಲಿ ಹನ್ನೊಂದು ಕ್ಯಾಸೆಟ್. ನಮ್ಮಮ್ಮನಿಗೆ ಬರೆಯೋಕೆ ಬರ್ತಿರಲಿಲ್ಲ. ಫೋನ್ ದುಬಾರಿ ಇದ್ದ ಕಾಲ. ಟೇಪ್ ರೆಕಾರ್ಡರ್ ಮುಂದೆ ಕೂತು ಮಾತಾಡಿ, ಊರಿಂದ ಬರೋರ ಕೈಲಿ ಕಳಿಸ್ತಿದ್ದಳು. ಈಗ ಅವಳಿಲ್ಲ.

ಮೊದಲು ನಾನು ಮಾಡಿದ ತಪ್ಪು ಹೇಳ್ತೀನಿ. ಟೇಪ್ ಪ್ಲೇಯರಿನ ಹೆಡ್‌ಫೋನ್ ತೂತಿನಿಂದ ವೈರ್ ಎಳೆದು ಲ್ಯಾಪ್‌ಟಾಪಿನ ತೂತಿಗೆ ಹಾಕಿದೆ. ಅದು ಹೆಡ್‌ಸೆಟ್ ಮೈಕಿಗಂತ ಮಾಡಿದ ತೂತು. ಸಣ್ಣ ಸಿಗ್ನಲ್ ನಿರೀಕ್ಷಿಸೋ ಜಾಗಕ್ಕೆ ದೊಡ್ಡದು ನುಗ್ಗಿ, ಅಮ್ಮನ ಮಾತು ಒಡೆದ ಡೋಲಿನ ಹಾಗೆ ಕೇಳಿಸ್ತು. ಮತ್ತೆ ಹಾಕಿದಾಗ ಅಗ್ಗದ ಪ್ಲೇಯರ್ ಟೇಪನ್ನೇ ಅಗಿದುಬಿಡ್ತು. ಒಂದು ಕ್ಯಾಸೆಟ್ ಹೋಯ್ತು. ಉಳಿದದ್ದು ಹತ್ತು.

ಆಮೇಲೆ ಹಳೇ ಕಾರ್ಡಿನ ಬಗ್ಗೆ ಸರಿಯಾಗಿ ಯೋಚನೆ ಮಾಡಿದೆ. ಬರೀ ಹಾಡು ಕೇಳೋಕಾದ್ರೆ ಅದು ಬೇಕಾಗಿಲ್ಲ. ಆಗ ಮದರ್‌ಬೋರ್ಡಿನ ಸೌಂಡ್ ಕಳಪೆ, ಪ್ರೊಸೆಸರಿಗೂ ಶಕ್ತಿ ಕಡಿಮೆ, ಅದಕ್ಕೇ ಬೇರೆ ಕಾರ್ಡ್. ಈಗ ಎರಡೂ ಸುಧಾರಿಸಿವೆ. ಗೇಮಿನ ಸದ್ದಿನ ಕೆಲಸವನ್ನ ನೇರ ಕಾರ್ಡಿಗೇ ಬಿಡೋ ದಾರಿಯನ್ನ 2007ರ ವಿಂಡೋಸ್ ವಿಸ್ಟಾದಲ್ಲಿ ಮೈಕ್ರೋಸಾಫ್ಟೇ ಮುಚ್ಚಿತು. ಸಾಲದ್ದಕ್ಕೆ ಇದು ಪಿಸಿಐ ಸ್ಲಾಟಿನ ಕಾರ್ಡ್, ಈಗಿನ ಬಹುಪಾಲು ಬೋರ್ಡುಗಳಲ್ಲಿ ಆ ಸ್ಲಾಟೇ ಇಲ್ಲ.

ಆದ್ರೆ ಅದರ ಹಿಂದೆ ಒಂದು ನೀಲಿ ತೂತಿದೆ, ಲೈನ್-ಇನ್. ಕ್ಯಾಸೆಟ್ ಇಳಿಸೋಕೆ ಬೇಕಾದದ್ದು ಅದೇ. ಟೇಪಿನ ಸ್ವಂತ ಸುಯ್ ಸದ್ದೇ ಸಾಕಷ್ಟಿರುತ್ತೆ, ಹದಿನಾರು ಬಿಟ್ ಕಾರ್ಡ್ ಅದಕ್ಕೆ ಧಾರಾಳ ಸಾಕು.

ಆದರೂ ಪರೀಕ್ಷೆ ಮಾಡಿದೆ. ಗೆಳೆಯರೊಬ್ಬರ ಹೊಸ ಡೆಸ್ಕ್‌ಟಾಪಲ್ಲೂ ನೀಲಿ ತೂತಿತ್ತು. ಎರಡು ಕಡೆಯೂ ಪ್ಲೇಯರ್ ಜೋಡಿಸಿ, ಟೇಪ್ ಓಡಿಸದೆ ಅರ್ಧ ನಿಮಿಷ ಬರೀ ಮೌನ ರೆಕಾರ್ಡ್ ಮಾಡಿದ್ವಿ. ಗುಂಯ್ ಅನ್ನೋ ಸದ್ದು ಬಂದ್ರೆ ಆ ದಾರಿ ಬೇಡ. ಎರಡರಲ್ಲೂ ಬರಲಿಲ್ಲ. ಆಮೇಲೆ ಒಂದು ಹಾಡಿನ ಕ್ಯಾಸೆಟ್ಟಿನ ಅದೇ ಎರಡು ನಿಮಿಷ ಇಳಿಸಿ ಕಣ್ಣುಮುಚ್ಚಿ ಕೇಳಿದ್ರೆ, ಯಾವುದು ಯಾವುದರದ್ದು ಅಂತ ಇಬ್ಬರಿಗೂ ಹೇಳೋಕಾಗಲಿಲ್ಲ. ಇಷ್ಟು ವರ್ಷ "ನನ್ನ ಕಾರ್ಡೇ ಬೇರೆ" ಅಂತ ಜಂಬ ಕೊಚ್ಚಿದವನು ನಾನು!

ಹಾಗಾಗಿ ನಿಮ್ಮ ಡೆಸ್ಕ್‌ಟಾಪಲ್ಲಿ ಲೈನ್-ಇನ್ ಇದ್ದರೆ ಹಳೇ ಕಾರ್ಡ್ ಬಿಡಿ. ಲ್ಯಾಪ್‌ಟಾಪ್ ಮಾತ್ರ ಇದ್ದು, ಹಳೇ ಮಿಷಿನ್ ಇನ್ನೂ ಓಡ್ತಿದ್ರೆ ಈ ಕೆಲಸ ಮುಗಿಯೋತನಕ ಇಟ್ಕೊಳ್ಳಿ. ಹುಡುಕಿಕೊಂಡು ಹೋಗಿ ಹಳೇದನ್ನ ಕೊಳ್ಳಬೇಡಿ. ಲೈನ್-ಇನ್ ಇರೋ ಯುಎಸ್‌ಬಿ ಸಾಧನ ತಗೊಳ್ಳಿ, ಬರೀ ಮೈಕ್ ತೂತಿರೋದು ಬೇಡ.

ನನ್ನ ಹತ್ರ ಲ್ಯಾಪ್‌ಟಾಪೇ ಇದ್ದದ್ದು, ಅದಕ್ಕೆ ಹಳೇ ಮಿಷಿನಲ್ಲೇ ಮಾಡಿದೆ. ಅದರಲ್ಲಿರೋದು ವಿಂಡೋಸ್ ಎಕ್ಸ್‌ಪಿ, ಇಂಟರ್ನೆಟ್ಟಿಗೆ ಹಾಕಲೇ ಇಲ್ಲ, ಫೈಲುಗಳನ್ನ ಪೆನ್‌ಡ್ರೈವಲ್ಲಿ ತಗೊಂಡೆ. ಈ ಕಾರ್ಡ್ ಒಳಗೊಳಗೇ 48,000 ಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತೆ, ರೆಕಾರ್ಡಿಂಗೂ ಅಷ್ಟಕ್ಕೇ ಇಟ್ಟೆ. ಪೆಟ್ಟಿಗೆ ಬಿಚ್ಚೋ ಮೊದಲು ಅದರ ಲೋಹ ಮುಟ್ಟಿ. ಇಲ್ಲಿನ ಚಳಿಗಾಲದಲ್ಲಿ ಬಾಗಿಲ ಹಿಡಿ ಮುಟ್ಟಿದ್ರೇ ಚುರ್ ಅನ್ನುತ್ತಲ್ಲ, ಆ ಕಿಡಿ ಕಾರ್ಡನ್ನ ಕೊಂದುಬಿಡಬಹುದು.

ಒಂಬತ್ತು ಕ್ಯಾಸೆಟ್ ಇಳಿಸಿ ಆಯ್ತು. ಒಂದರಲ್ಲಿ ಅಮ್ಮ ಮಾತು ನಿಲ್ಲಿಸಿ, "ಹಾಲು ಉಕ್ತಾ ಇದೆ, ತಡಿ" ಅಂತ ಎದ್ದು ಹೋಗ್ತಾಳೆ. ಆಮೇಲೆ ಬರೀ ಪಾತ್ರೆ ಸದ್ದು. ಹತ್ತನೇದು ಮುಗಿದ ಮೇಲೆ ಆ ಮಿಷಿನನ್ನ ಪೀಲ್ ಪ್ರಾಂತ್ಯದ ಮರುಬಳಕೆ ಕೇಂದ್ರಕ್ಕೆ ಕೊಡ್ತೀನಿ. ಅಲ್ಲೀತನಕ ಯಾರ ಮನೇಲಾದ್ರೂ ಇಂಥ ಕ್ಯಾಸೆಟ್ ಇದ್ದರೆ ಊಟದ ಹೊತ್ತಲ್ಲಿ ನನ್ನ ಹತ್ರ ಬನ್ನಿ. ವೈರ್ ಎರಡಿದೆ, ಒಳ್ಳೇ ಪ್ಲೇಯರೂ ಈಗ ಸಿಕ್ಕಿದೆ.