ಮರ್ಯಾದೆಯ ಮೌನ ಮತ್ತು ಮಕ್ಕಳ ಮನಸ್ಸು

(ಆಂಟಾಪ್ ಹಿಲ್‌ನಲ್ಲಿ ಕನ್ನಡ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಮನಶ್ಶಾಸ್ತ್ರಜ್ಞನೂ ಅಲ್ಲ, ಲೆಕ್ಕಪರಿಶೋಧಕ. ಆದರೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ವೃತ್ತಿ ಆರಂಭಿಸಿದ ಹೊಸತರಲ್ಲಿ ಪರಿಚಿತರೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಅವರ ಮಗಳ ಮೇಲೆ ಬಂಧುವೊಬ್ಬ ದೌರ್ಜನ್ಯ ಎಸಗಿದ್ದ. ಹಿರಿಯರು ಕುಳಿತು ರಾಜಿ ಮಾಡಿಸಿದ್ದರು. ಬಂದ ಹಣವನ್ನು ಯಾರ ಹೆಸರಿನಲ್ಲಿ ಇಡಬೇಕೆಂಬುದಷ್ಟೇ ಆ ತಂದೆಯ ಪ್ರಶ್ನೆ. ನಾನು ಉತ್ತರ ಹೇಳಿ ಕಳುಹಿಸಿದೆ. ಹುಡುಗಿ ಹೇಗಿದ್ದಾಳೆಂದು ಕೇಳಲಿಲ್ಲ. ಆಕೆ ಶಾಲೆ ಬಿಟ್ಟಳೆಂಬುದು ಆಮೇಲೆ ತಿಳಿಯಿತು. ಅಂದಿನ ನನ್ನ ಮೌನಕ್ಕೆ ಇಂದಿಗೂ ನನ್ನಲ್ಲಿ ಸಮರ್ಥನೆಯಿಲ್ಲ.

ನಾವು ಕುಳಿತಿರುವ ಈ ಸ್ಥಳದಿಂದ ಪರೇಲ್‌ನ ಕೆ.ಇ.ಎಂ. ಆಸ್ಪತ್ರೆ ದೂರವೇನಿಲ್ಲ. ಉತ್ತರ ಕನ್ನಡದ ಹಳದೀಪುರದಿಂದ ಬಂದ ಅರುಣಾ ಶಾನಭಾಗ ಅಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಅವರ ಕತ್ತು ಬಿಗಿದು ಲೈಂಗಿಕ ದೌರ್ಜನ್ಯ ಎಸಗಿದ. ಅವನಿಗೆ ಏಳು ವರ್ಷ ಶಿಕ್ಷೆಯಾದದ್ದು ಕೊಲೆಯತ್ನ ಮತ್ತು ಸುಲಿಗೆಗೆ, ಲೈಂಗಿಕ ದೌರ್ಜನ್ಯಕ್ಕಲ್ಲ. ಮದುವೆ ನಿಶ್ಚಯವಾಗಿದ್ದ ಯುವತಿಯ ಮಾನ ಕಾಯಲೆಂದು ಆ ಸಂಗತಿಯನ್ನು ಮುಚ್ಚಿಡಲಾಯಿತೆಂದು ಪಿಂಕಿ ವಿರಾನಿ 1998ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಮೆದುಳಿಗೆ ಪೆಟ್ಟಾಗಿದ್ದ ಅರುಣಾ ನಾಲ್ಕು ದಶಕ ದಾದಿಯರ ಆರೈಕೆಯಲ್ಲಿ ಮಲಗಿದ್ದು, 2015ರ ಮೇ 18ರಂದು ನಿಧನರಾದರು.

ಅರುಣಾ ಅವರಿಗೆ ನೋವನ್ನು ಹೇಳಿಕೊಳ್ಳಲು ಮಾತೇ ಉಳಿದಿರಲಿಲ್ಲ. ಮಾತು ಉಳಿದಿರುವ ಮಕ್ಕಳ ಬಾಯನ್ನು ಅದೇ ಮರ್ಯಾದೆಯ ಹೆಸರಿನಲ್ಲಿ ನಾವು ಮುಚ್ಚುತ್ತಿದ್ದೇವೆ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2007ರ ಅಧ್ಯಯನದಲ್ಲಿ ಶೇ. 53ರಷ್ಟು ಮಕ್ಕಳು ಒಂದಿಲ್ಲೊಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದುದಾಗಿ ಹೇಳಿದ್ದರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಗಂಡುಮಕ್ಕಳು. ಬಹುಪಾಲು ಮಕ್ಕಳು ಅದನ್ನು ಯಾರಿಗೂ ತಿಳಿಸಿರಲಿಲ್ಲ.

ಮೈಮೇಲಿನ ಗಾಯ ಮಾಯುತ್ತದೆ. ಮನಸ್ಸಿನದು ಬೇರೆ ರೂಪದಲ್ಲಿ ಹೊರಬರುತ್ತದೆ. ನಿದ್ದೆಯಲ್ಲಿ ಬೆಚ್ಚಿಬೀಳುವುದು, ಚಿಕ್ಕ ಮಗು ಮತ್ತೆ ಹಾಸಿಗೆ ಒದ್ದೆ ಮಾಡುವುದು, ಓದಿನಲ್ಲಿ ಹಠಾತ್ತನೆ ಹಿಂದೆ ಬೀಳುವುದು, ಒಬ್ಬ ವ್ಯಕ್ತಿಯನ್ನು ಕಂಡರೆ ಅಡಗಿಕೊಳ್ಳುವುದು, ಹರೆಯದವರಲ್ಲಿ ಖಿನ್ನತೆ, ವ್ಯಸನ, ತಮ್ಮನ್ನು ತಾವೇ ಗಾಯಗೊಳಿಸಿಕೊಳ್ಳುವುದು, ಆತ್ಮಹತ್ಯೆಯ ಯೋಚನೆ. ಇವನ್ನು ನಾವು ಹಟವೆಂದೋ ಸೋಮಾರಿತನವೆಂದೋ ಬೈಯುತ್ತೇವೆ. ‘ಏಕೆ ಕಿರುಚಲಿಲ್ಲ?’ ಎಂದು ಕೇಳುತ್ತೇವೆ. ತೀವ್ರ ಭಯದಲ್ಲಿ ದೇಹ ಮರಗಟ್ಟುವುದು ಸಹಜ, ಅದು ಒಪ್ಪಿಗೆಯಲ್ಲ. ‘ಪೂರ್ವಕರ್ಮ’ವೆಂದು ಸಂತೈಸುವವರೂ ನಮ್ಮಲ್ಲಿದ್ದಾರೆ. ಆ ಮಾತು ತಪ್ಪಿತಸ್ಥನ ಹೊರೆಯನ್ನು ಮಗುವಿನ ತಲೆಗೆ ವರ್ಗಾಯಿಸುತ್ತದೆ. ಮಾತಿನಿಂದಾಗುವ ಹಿಂಸೆಯೂ ಹಿಂಸೆಯೇ.

ಮಗುವಿನ ಚೇತರಿಕೆ ಬಹುಮಟ್ಟಿಗೆ ಮೊದಲು ಕೇಳಿಸಿಕೊಂಡ ಹಿರಿಯರ ವರ್ತನೆಯನ್ನು ಅವಲಂಬಿಸಿದೆ. ನಂಬಿರಿ. ‘ತಪ್ಪು ನಿನ್ನದಲ್ಲ; ಹೇಳಿದ್ದು ಒಳ್ಳೆಯದಾಯಿತು’ ಎನ್ನಿರಿ. ಮತ್ತೆ ಮತ್ತೆ ವಿವರ ಕೆದಕಬೇಡಿರಿ. ವೈದ್ಯಕೀಯ ನೆರವು 72 ಗಂಟೆಯೊಳಗೆ ದೊರೆತರೆ ಹೆಚ್ಚು ಫಲಕಾರಿ. ಆಸ್ಪತ್ರೆಗಳು ಉಚಿತವಾಗಿ ಚಿಕಿತ್ಸೆ ನೀಡಲೇಬೇಕು. ಮಕ್ಕಳ ಸಹಾಯವಾಣಿ 1098. ಮಾನಸಿಕ ನೆರವಿಗೆ ಟೆಲಿ ಮಾನಸ್ 14416.

2012ರ ಪೋಕ್ಸೊ ಕಾಯ್ದೆಯಡಿ ಇದು ಮನೆಯೊಳಗಿನ ವ್ಯವಹಾರವಲ್ಲ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೇ ಪಡೆಯಬಹುದು; ಪೊಲೀಸರು ಆಗ ಸಮವಸ್ತ್ರ ಧರಿಸಿರಬಾರದು. ಮಗುವಿನ ಗುರುತನ್ನು ಮಾಧ್ಯಮಗಳು ಬಹಿರಂಗಪಡಿಸುವಂತಿಲ್ಲ. ಹೆಸರು ಕೆಡುವ ಭಯಕ್ಕೆ ಕಾನೂನು ಇಷ್ಟು ಉತ್ತರ ಕೊಟ್ಟಿದೆ. ಉಳಿದದ್ದನ್ನು ಸಮಾಜ ಕೊಡಬೇಕು. ರಾಜಿ ಮಾಡಿಸಲು ಕುಳಿತುಕೊಳ್ಳುವ ಹಿರಿಯರು ಇನ್ನು ಮುಂದೆ ಅದಕ್ಕೆ ಕುಳಿತುಕೊಳ್ಳಬಾರದು.

ಮುಚ್ಚಿಟ್ಟ ಸಾಲ ತೀರಿದ ಸಾಲವಲ್ಲವೆಂದು ನನ್ನ ವೃತ್ತಿ ಕಲಿಸಿದೆ. ಇಲ್ಲಿ ಅದನ್ನು ಬಡ್ಡಿಸಹಿತ ತೀರಿಸುವವರು ನಮ್ಮ ಮಕ್ಕಳು. ಇಂದು ಮನೆಗೆ ಹೋದ ಮೇಲೆ ನಿಮ್ಮ ಮಗುವಿಗೆ ಒಂದು ಮಾತು ಹೇಳಿರಿ: ‘ಏನೇ ಆದರೂ ನನ್ನ ಬಳಿ ಹೇಳು, ನಾನು ಬೈಯುವುದಿಲ್ಲ.’ ನಾನು ಅಂದು ಕೇಳದೆ ಹೋದ ಪ್ರಶ್ನೆಯನ್ನು ನೀವು ಕೇಳಿರಿ.